ಉತ್ತರ ದಡದವರ ಒಂದು ಮತ

ಆ ಹುದ್ದೆಯ ಹೆಸರನ್ನು ಟೈಲರಮ್ಮ ಮೊದಲ ಸಲ ಅಕ್ಕನ ಮನೆಯಲ್ಲಿ ಓದಿ ಹೇಳಿದಾಗ ಭಾವ ಬಿದ್ದುಬಿದ್ದು ನಕ್ಕಿದ್ದ.

“ಸಮುದಾಯ ಆಧಾರಿತ ಜೀವವೈವಿಧ್ಯ ಸಂರಕ್ಷಣೆ ಮತ್ತು ಸಂರಕ್ಷಿತ ಪ್ರದೇಶ ನಿರ್ವಹಣಾ ತಜ್ಞರು! ಅಬ್ಬಬ್ಬಾ, ಆ ಮನುಷ್ಯನ್ನ ಕೂಗಿ ಕರೆಯೋಷ್ಟರಲ್ಲಿ ಟೀ ಆರಿಹೋಗುತ್ತಲ್ಲಮ್ಮ!”

ಅಕ್ಕನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ತನ್ನ ತಂಗಿ ಸಂದರ್ಶನ ಮಾಡುವವರ ಸಾಲಿನಲ್ಲಿ ಕೂರುತ್ತಾಳೆ ಎಂಬ ಹೆಮ್ಮೆ ಅವಳಿಗೆ. ಕೆರೆಯ ಹಕ್ಕಿ, ಮೀನು, ಜೊಂಡುಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ತಜ್ಞರೊಬ್ಬರು ಬೇಕಾಗಿದ್ದರು. ಆರಿಸುವ ಸಮಿತಿಯಲ್ಲಿ ದಡದ ಜನರ ಪರವಾಗಿ ಒಬ್ಬರು ಇರಲೇಬೇಕೆಂಬ ನಿಯಮವಿತ್ತು. ಎರಡೂ ದಡದ ಮಕ್ಕಳಿಗೆ ಶಾಲೆಯ ಸಮವಸ್ತ್ರ ಹೊಲಿಯುವವಳು, ಎಲ್ಲರ ಮನೆಯ ಸುಖದುಃಖ ಬಲ್ಲವಳು, ಮುಖ ನೋಡಿ ಮಣೆ ಹಾಕದವಳು ಎಂದು ಜನ ಟೈಲರಮ್ಮನನ್ನೇ ಮುಂದೆ ಮಾಡಿದರು.

ಅವರ ಮನೆಗಳು ಮೊದಲು ಕೆರೆಯ ಉತ್ತರ ದಡದಲ್ಲಿದ್ದವು. ಕೆರೆಯನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ ಮೇಲೆ ಅರಣ್ಯ ಇಲಾಖೆಯವರು ಆ ದಡದವರನ್ನೆಲ್ಲ ಎಬ್ಬಿಸಿ, ಗೋದಾಮುಗಳ ಹಿಂದಿನ ಕಾಲೊನಿಗೆ ತಂದು ಬಿಟ್ಟರು. ದಕ್ಷಿಣ ದಡದವರು ಮಾತ್ರ ಇನ್ನೂ ಅಲ್ಲೇ ಇದ್ದರು. ಬಲೆ ಬೀಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಭಾವ ಈಗ ಅದೇ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಕೆರೆಯ ಸುದ್ದಿ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ಸಂದರ್ಶನ ನಡೆದದ್ದು ಸಂಸ್ಥೆಯ ಮಹಡಿಯ ಕೋಣೆಯಲ್ಲಿ. ಕಿಟಕಿಯ ಏಸಿ ಒಂದೇ ಸಮನೆ ಬಕೆಟ್ಟಿಗೆ ನೀರು ತೊಟ್ಟಿಕ್ಕಿಸುತ್ತಿತ್ತು. ನಡುವೆ ಕೂತ ನಿರ್ದೇಶಕಿ ಮೇಡಂ ಪ್ರಶ್ನೆ ಕೇಳುತ್ತಿದ್ದರು. ಅವರ ಬಲಕ್ಕೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ನಿವೃತ್ತ ಪ್ರೊಫೆಸರು. ಎಡಕ್ಕೆ ಟೈಲರಮ್ಮ.

ಮೊದಲು ಬಂದವಳು ಆಗಷ್ಟೇ ಡಾಕ್ಟರೇಟ್ ಮುಗಿಸಿದ ಹುಡುಗಿ. ನಗುಮುಖ, ಮೃದು ಮಾತು. ದಡದವರ ಪಾಡು ಹೇಳುವಾಗ ಅವಳ ಕಣ್ಣು ತುಂಬಿ ಬಂತು. ಟೈಲರಮ್ಮನಿಗೆ ಅವಳನ್ನು ಮನೆಗೆ ಕರೆದು ಕೂರಿಸಿಕೊಳ್ಳಬೇಕೆನಿಸಿತು.

“ಇಲಾಖೆಯವರು ನಾಳೆ ಬೆಳಿಗ್ಗೆನೇ ದಕ್ಷಿಣ ದಡಕ್ಕೂ ಬೇಲಿ ಹಾಕೋಕೆ ಬಂದ್ರು ಅಂದ್ಕೋ ತಾಯಿ, ನೀನೇನು ಮಾಡ್ತೀಯ?” ಎಂದು ಕೇಳಿದಳು.

ಹುಡುಗಿ ಸ್ವಲ್ಪ ಯೋಚಿಸಿ, “ಎಲ್ಲರನ್ನೂ ಸೇರಿಸಿ ಒಂದು ಕಾರ್ಯಾಗಾರ ಮಾಡ್ತೀನಮ್ಮ” ಎಂದಳು.

ಎರಡನೆಯವರು ನರೆತ ಕೂದಲಿನ ಗಂಡಸು. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಟೈಲರಮ್ಮನಿಗೆ ಗುರುತು ಹತ್ತಲು ಅಷ್ಟೇ ಸಾಕಾಯಿತು. ತಮ್ಮನ್ನು ಎಬ್ಬಿಸಿದ ದಿನ ದಡದ ಮೇಲೆ ನಿಂತು ಆದೇಶ ಓದಿದ್ದ ಇಲಾಖೆಯ ಅಧಿಕಾರಿ ಇವರೇ. ಪ್ರತಿ ಸಾಲಿಗೂ ಹೀಗೇ ಗಂಟಲು ಸರಿಮಾಡಿಕೊಂಡಿದ್ದರು.

ಅವರಿಗೆ ಇವಳ ಗುರುತಿರಲಿಲ್ಲ. “ನಾನು ಕೆಲಸ ಶುರು ಮಾಡಿದ್ದೇ ಈ ಕೆರೆಯಲ್ಲಿ” ಎಂದು ಆರಂಭಿಸಿದರು. “ಉತ್ತರ ದಡದ ಕುಟುಂಬಗಳು ತಾವಾಗಿಯೇ ಸಹಕರಿಸಿದವು. ಎಲ್ಲೂ ಬಲಪ್ರಯೋಗ ಆಗಲಿಲ್ಲ. ಈಗ ನೋಡಿ, ಹಕ್ಕಿಗಳೆಲ್ಲ ಮರಳಿ ಬಂದಿವೆ.”

“ದೋಣಿಗಳೇನಾದವು ಸಾರ್?” ಟೈಲರಮ್ಮ ಕೇಳಿದಳು.

“ದೋಣಿಗಳನ್ನ... ಅವರೇ ಒಪ್ಪಿಸಿದ್ರು.”

“ನಮ್ಮ ಭಾವ ಒಪ್ಪಿಸ್ಲಿಲ್ಲ. ನಿಮ್ಮವರು ಕೊಡಲಿ ತಗೊಂಡು ಒಡೆದ್ರು. ನೀವು ಅಲ್ಲೇ ನಿಂತಿದ್ರಿ.”

ಪ್ರೊಫೆಸರು ಕಿವಿಯ ಯಂತ್ರವನ್ನು ಒತ್ತಿಕೊಂಡರು. ಮೇಡಂ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು. ಆ ಮನುಷ್ಯ ಟೈಲರಮ್ಮನನ್ನು ಮೊದಲ ಸಲ ಸರಿಯಾಗಿ ನೋಡಿದರು.

“ಒಡೆದದ್ದು ನಿಜ,” ಎಂದರು. “ಮೇಲಿನವರಿಗೆ ಹೇಳುವಾಗ ‘ಒಪ್ಪಿಸಿದರು’ ಅಂತ ಹೇಳಿದ್ದು. ಹೇಳ್ತಾ ಹೇಳ್ತಾ ನನಗೂ ಅದೇ ಬಾಯಿಪಾಠ ಆಗಿಹೋಗಿದೆ.”

ಕ್ಷಮೆ ಕೇಳಲಿಲ್ಲ. ಬೇಲಿಯ ಪ್ರಶ್ನೆಯನ್ನು ಅವಳು ಅವರಿಗೂ ಕೇಳಿದಳು. ಅವರು ಯೋಚಿಸಲು ಸಮಯವೇ ತೆಗೆದುಕೊಳ್ಳಲಿಲ್ಲ. ಬೇಲಿ ಹಾಕುವ ಮೊದಲು ದಡದವರ ಅಹವಾಲು ಕೇಳಬೇಕೆಂದು ಕಾನೂನಿದೆ. ಇಲಾಖೆ ಅದನ್ನು ಯಾವಾಗಲೂ ಹಾರಿಸಿಬಿಡುತ್ತದೆ. ಯಾರ ಬಳಿ ಹೋಗಿ ತಡೆ ತರಬೇಕು, ಯಾರು ಹೆದರುತ್ತಾರೆ, ಯಾರು ಹೆದರುವುದಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದರು. “ನಾವು ಆಗ ಹಾರಿಸಿದ್ದೂ ಅದನ್ನೇ” ಎಂದು ಕೊನೆಗೆ ಸೇರಿಸಿದರು.

ಅವರು ಹೋದ ಮೇಲೆ ಪ್ರೊಫೆಸರು, “ಹುಡುಗಿಯೇ ಆಗಲಿ. ಕೈ ಶುದ್ಧವಾಗಿದೆ” ಎಂದರು. ಮೇಡಂಗೆ ಅನುಭವಸ್ಥರೇ ಬೇಕಾಗಿತ್ತು. ಆದರೂ ಅವರು ಟೈಲರಮ್ಮನ ಕಡೆ ತಿರುಗಿ, “ನೀವು ಬೇಡ ಅಂದ್ರೆ ಬೇಡ. ನಾಳೆ ಹೇಳಿ” ಎಂದರು.

ಹೀಗೆ ಭಾರವೆಲ್ಲ ಅವಳ ತಲೆಗೇ ಬಂತು. ಸಂಜೆ ಅಕ್ಕನ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು. ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

“ಇದರಲ್ಲಿ ಯೋಚನೆ ಮಾಡೋದೇನಿದೆ?” ಅಕ್ಕ ಹರಿಹಾಯ್ದಳು. “ಅವನ ಮುಖಕ್ಕೆ ಉಗಿದು ಬರೋದು ಬಿಟ್ಟು, ನನ್ನನ್ನ ಕೇಳೋಕೆ ಬಂದಿದೀಯಲ್ಲ!”

“ದಕ್ಷಿಣ ದಡದವರ ಗತಿ ಏನಕ್ಕಾ? ಆ ಹುಡುಗಿ ಒಳ್ಳೆಯವಳೇ. ಆದ್ರೆ ಅವಳ ಕೈಲಿ ಬೇಲಿ ತಡೆಯೋಕಾಗಲ್ಲ.”

“ನಮ್ಮನ್ನ ಎಬ್ಬಿಸಿದಾಗ ದಕ್ಷಿಣ ದಡದವರು ಬಂದಿದ್ರಾ? ನಿನ್ನ ಭಾವ ಆ ಮುರುಕು ಹಲಗೆ ತಬ್ಬಿಕೊಂಡು ಕೂತಿದ್ದು ನೀನೂ ನೋಡಿದೀಯ. ಇಷ್ಟರ ಮೇಲೂ ಅವನಿಗೆ ಹೂಂ ಅಂದ್ರೆ ನನಗೆ ತಂಗಿ ಇಲ್ಲ ಅಂದ್ಕೋತೀನಿ.”

ಮರುದಿನ ಟೈಲರಮ್ಮ ಹೂಂ ಅಂದಳು. ಮೇಡಂ ಕೈ ಕುಲುಕಲು ಬಂದರೆ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಪ್ಪಿಸಿಕೊಂಡಳು.

ಸುದ್ದಿ ಅವಳಿಗಿಂತ ಮೊದಲೇ ಕಾಲೊನಿ ಮುಟ್ಟಿತ್ತು. ಅಕ್ಕನ ಮಕ್ಕಳ ಬಟ್ಟೆಗಳು ಹೊಲಿಗೆಗೆ ಬೇರೆ ಅಂಗಡಿಗೆ ಹೋದವು. ಹೊಲಿಯಲು ಕೊಟ್ಟವರು ಅರ್ಧಂಬರ್ಧ ಇದ್ದದ್ದನ್ನೇ ವಾಪಸ್ ಕೇಳಿದರು. ಎದುರಿಗೆ ಯಾರೂ ಬಯ್ಯಲಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತಾಡಬಹುದಿತ್ತು, ಆ ಅವಕಾಶವನ್ನೂ ಕೊಡಲಿಲ್ಲ.

ತಜ್ಞರಾಗಿ ಸೇರಿದ ಆ ಅಧಿಕಾರಿ ಕರೆದ ಮೊದಲ ಸಭೆ ಶಾಲೆಯ ಹಾಲ್‌ನಲ್ಲಿತ್ತು. ದಕ್ಷಿಣ ದಡದವರು ಮುಂದೆ ಕೂತರು. ಉತ್ತರ ದಡದವರ ಕುರ್ಚಿಗಳು ಖಾಲಿ. ಸಭೆ ಅರ್ಧವಾಗುವಾಗ ಭಾವ ಗೋದಾಮಿನಿಂದ ನೇರವಾಗಿ ಬಂದ. ಮೈಯೆಲ್ಲ ಸಿಮೆಂಟಿನ ದೂಳು. ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತೇ ಕೇಳಿದ.

“ನನ್ನ ದೋಣಿ ಒಡೆದಾಗ ನಿಮಗೇನು ಅನಿಸ್ತು?”

ತಜ್ಞರು ಗಂಟಲು ಸರಿಮಾಡಿಕೊಂಡರು.

“ಆವತ್ತು ಏನೂ ಅನಿಸ್ಲಿಲ್ಲ. ಸಂಜೆಯೊಳಗೆ ಕೆಲಸ ಮುಗೀತಲ್ಲ, ಅನಿಸ್ತು.”

ಏನಾದರೂ ಒಂದು ಸುಳ್ಳು ಹೇಳಬಾರದಿತ್ತೇ ಎಂದುಕೊಂಡಳು ಟೈಲರಮ್ಮ. ಭಾವ “ಸರಿ” ಎಂದಷ್ಟೇ ಹೇಳಿ ಹೊರಟ. ಟೈಲರಮ್ಮ ಬೀದಿಯವರೆಗೂ ಹಿಂದೆ ಓಡಿದಳು.

“ಭಾವಾ, ನಿಂತ್ಕೊಳ್ಳಿ. ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡಿ.”

“ಸಿಟ್ಟಿಲ್ಲಮ್ಮ,” ಎಂದ ಅವನು, ತಿರುಗದೆಯೇ. “ನೀನು ಯೋಚನೆ ಮಾಡಿದ್ದು ಸರೀನೇ ಇರಬಹುದು. ಆದ್ರೆ ಅದನ್ನ ನನ್ನ ಬಾಯಿಂದ ಕೇಳಬೇಡ.”

ಮಳೆಗಾಲ ಮುಗಿಯುವ ಮೊದಲೇ ಇಲಾಖೆಯವರು ಬೇಲಿ ಕಂಬಗಳನ್ನು ಲಾರಿಯಲ್ಲಿ ತಂದಿಳಿಸಿದರು. ತಜ್ಞರು ಹಳೆಯ ಸಹೋದ್ಯೋಗಿಗಳ ಜೊತೆಯೇ ಜಗಳಕ್ಕೆ ನಿಂತರು. ಹಿಂದೆ ತಾವೇ ಮಾಡಿದ್ದನ್ನು, ತಡೆ ಕೋರಿ ಹಾಕಿದ ಅರ್ಜಿಯ ವಿಚಾರಣೆಯಲ್ಲಿ ಬಾಯಿಬಿಟ್ಟು ಹೇಳಿ, ಈ ಸಲವೂ ಅದೇ ಆಗುತ್ತಿದೆ ಎಂದರು. ಬೇಲಿಗೆ ತಡೆ ಬಂತು. ಜೊಂಡು ಕೊಯ್ಯುವುದು, ಮೀನು ಹಿಡಿಯುವುದು ಎಲ್ಲಿ, ಯಾವ ತಿಂಗಳು ಎಂಬುದನ್ನು ದಕ್ಷಿಣ ದಡದವರೇ ಕೂತು ಗೊತ್ತುಮಾಡಿದರು. ಅವರ ಮನೆಗಳು ಉಳಿದವು.

ಉತ್ತರ ದಡದವರಿಗೆ ಏನೂ ಸಿಗಲಿಲ್ಲ. ಒಮ್ಮೆ ಎಬ್ಬಿಸಿದವರನ್ನು ಮತ್ತೆ ಒಳಗೆ ಬಿಡಲು ಬರುವುದಿಲ್ಲ ಎಂದಿತು ಇಲಾಖೆ. ತಜ್ಞರು ಅವರಿಗಾಗಿ ಇನ್ನೂ ಓಡಾಡುತ್ತಿದ್ದರು. ಟೈಲರಮ್ಮನಿಗೆ ಅದರಲ್ಲಿ ಅಂಥ ನಂಬಿಕೆ ಉಳಿದಿರಲಿಲ್ಲ.

ವರ್ಷ ತುಂಬಿದಾಗ ಮೇಡಂ ಕರೆಸಿದರು. ತಜ್ಞರನ್ನು ಮುಂದುವರಿಸುವುದೋ ಬೇಡವೋ ಎಂದು ಮತ್ತೆ ಅವಳ ಅಭಿಪ್ರಾಯ ಬೇಕಾಗಿತ್ತು.

“ಇರಲಿ ಅವರು,” ಎಂದಳು ಟೈಲರಮ್ಮ. “ಆದ್ರೆ ಇನ್ಮೇಲೆ ನನ್ನನ್ನ ಇಲ್ಲಿ ಕೂರಿಸಬೇಡಿ ಮೇಡಂ. ಬೇರೆ ಯಾರನ್ನಾದ್ರೂ ನೋಡಿ.”

ಅಂದು ಸಂಜೆ ಕಾಲೊನಿಯ ನಲ್ಲಿಯ ಬಳಿ ಅಕ್ಕ ಒಬ್ಬಳೇ ಕೊಡ ಇಟ್ಟುಕೊಂಡು ನಿಂತಿದ್ದಳು. ಟೈಲರಮ್ಮ ತಲೆ ತಗ್ಗಿಸಿ ದಾಟಿ ಹೋಗುವಾಗ, ಒಂದು ವರ್ಷದಲ್ಲಿ ಮೊದಲ ಸಲ ಅಕ್ಕ ಬಾಯಿ ತೆರೆದಳು.

“ಅವನು ಇನ್ನೂ ಇರ್ತಾನಾ?”

“ಇರ್ತಾರೆ.”

“ಈ ಸಲವೂ ನೀನೇ ಹೂಂ ಅಂದ್ಯಾ?”

“ಹೂಂ ಅಂದೆ ಅಕ್ಕಾ.”

ಅಕ್ಕ ನಲ್ಲಿ ನಿಲ್ಲಿಸಿ, ಅರ್ಧ ತುಂಬಿದ ಕೊಡವನ್ನೇ ಸೊಂಟಕ್ಕೇರಿಸಿಕೊಂಡು ಮನೆಯ ಕಡೆ ನಡೆದಳು.