ಮೂರು ಕಾಲಿನ ಚಿಹ್ನೆ

ಹೊಗೆ ಬಂತು. ಒಂದು ಸಣ್ಣ ಎಳೆ, ಅಷ್ಟೇ. ಅಷ್ಟರಲ್ಲಿ ನನ್ನ ಎರಡು ತಿಂಗಳ ಕೆಲಸ ಸುಟ್ಟು ಹೋಯಿತು. ಥೂ!

ಶಿರಂಗಾಲದ ನಮ್ಮ ಜೋಳದ ಹೊಲಕ್ಕೆಂದು ಮಾಡಿದ ಅಲಾರಂ ಅದು. ಆನೆ ಬಂದು ಬೇಲಿಯ ತಂತಿ ಕಿತ್ತರೆ ಮನೆಯಲ್ಲೇ ಸೈರನ್ ಕೂಗಬೇಕು. ಆಗ ನಮ್ಮಪ್ಪ ಕೆಂಪಣ್ಣ ಕಾವಲಿಗೆಂದು ಅಟ್ಟಣೆ ಹತ್ತಿ ಮಲಗಬೇಕಾಗಿಲ್ಲ. ಹೋದ ವಾರ ಏಣಿಯಿಂದ ಜಾರಿ ಮೊಣಕಾಲು ಊದಿಸಿಕೊಂಡಿದ್ದಾರೆ. ಇವತ್ತಿನಿಂದ ನೀನು ಮನೆಯಲ್ಲೇ ಮಲಗಬಹುದು ಎಂದು ನಾನು ಮಾತು ಕೊಟ್ಟಿದ್ದೆ. ಅದನ್ನು ನಂಬಿ ಕುಂಟುತ್ತಾ ಕುಶಾಲನಗರದ ನನ್ನ ರಿಪೇರಿ ಅಂಗಡಿಗೆ ಬಂದು, ಕಾವಲಿನ ಟಾರ್ಚನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

ಲ್ಯಾಪ್‌ಟಾಪ್ ತೆರೆದು, ಸರ್ಕ್ಯೂಟ್ ಬರೆಯುವ ಸಾಫ್ಟ್‌ವೇರ್ ಕೀಕ್ಯಾಡ್‌ನಲ್ಲಿ ನಕ್ಷೆ ನೋಡಿದೆ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಐದಕ್ಕಿಳಿಸುವ ರೆಗ್ಯುಲೇಟರಿಗೆ ಮೂರು ಕಾಲು. ಮೈಸೂರಿನಲ್ಲಿ ನನಗೆ ಸಿಕ್ಕಿದ್ದರ ಕಾಲುಗಳ ಕ್ರಮವೇ ಬೇರೆ. ಸಾಫ್ಟ್‌ವೇರಿನ ಸಿದ್ಧ ಚಿಹ್ನೆಗಳಲ್ಲಿ ಅದಿರಲಿಲ್ಲ. ಹಾಗಾಗಿ ಚಿಹ್ನೆಯನ್ನು ನಾನೇ ಬರೆದಿದ್ದೆ. ಎಡಕ್ಕೆ ಕರೆಂಟ್ ಒಳಗೆ ಬರುವ ಕಾಲು, ಅದು ಮೂರನೆಯದು. ಬಲಕ್ಕೆ ಹೊರಗೆ ಹೋಗುವುದು, ಒಂದನೆಯದು. ಈಗ ನೋಡಿದರೆ ಎಡಕ್ಕೆ ಒಂದು, ಬಲಕ್ಕೆ ಮೂರು! ಕರೆಂಟ್ ಉಲ್ಟಾ ನುಗ್ಗಿ, ಇದ್ದ ಒಂದೇ ರೆಗ್ಯುಲೇಟರ್ ಚಿಪ್ಪನ್ನು ಸುಟ್ಟಿತ್ತು.

ಅಣ್ಣ ಲೋಹಿತ್ ಪಕ್ಕದ ಮಳಿಗೆಯಲ್ಲಿ ಹೋಂಸ್ಟೇಗಳಿಗೆ ಫ್ಲೆಕ್ಸ್ ಡಿಸೈನ್ ಮಾಡುತ್ತಾನೆ. ಬೋರ್ಡ್ ಮಾಡುವ ಮೊದಲು, ನಕ್ಷೆಯ ಮೂಲೆಯಲ್ಲಿ ಅಂಗಡಿ ಹೆಸರು ಸೇರಿಸು ಎಂದು ಅವನಿಗೆ ಕೊಟ್ಟಿದ್ದೆ. ಅಷ್ಟೇ ಹೇಳಿದ್ದೆ! ಕೂಗಿ ಕರೆದೆ.

"ನಂಬರ್ ಮುಟ್ಟಿದ್ಯಾ?"

"ಹೂಂ. ಮೊದ್ಲು ಮೂರು, ಆಮೇಲೆ ಒಂದು ಅಂತ ಹಿಂದುಮುಂದಾಗಿತ್ತು. ನೋಡಕ್ಕೆ ಚೆನ್ನಾಗಿರ್ಲಿಲ್ಲ, ನೀಟ್ ಮಾಡ್ದೆ."

"ನಿನ್ನ ನೀಟಿಗೆ ಬೆಂಕಿ ಹಾಕ! ಅದೇನು ಹೋಂಸ್ಟೇ ಫ್ಲೆಕ್ಸಾ? ಆ ನಂಬರ್ ನೋಡೇ ಬೋರ್ಡಲ್ಲಿ ಕರೆಂಟ್ ಹರಿಯೋ ಗೆರೆ ಎಳೆಯೋದು ಕಣೋ!"

"ಯಾರ್ ಬೇಕಾದ್ರೂ ತಿದ್ಬೋದಾದ ಸಾಫ್ಟ್‌ವೇರ್ ಅಂತ ನೀನೇ ಕೊಚ್ಕೊಂಡಿದ್ದಲ್ಲ ಕಾವ್ಯ!"

ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದೆ.

"ಹೋಗ್ಲಿ ಬಿಡು," ಎಂದ ಲೋಹಿತ್. "ಹೊಸ ಚಿಪ್ ತರ್ಸಿದ್ರಾಯ್ತು. ಅಲ್ಲೀವರ್ಗೂ ಅಪ್ಪ ಹೆಂಗೂ ಅಟ್ಟಣೆಲಿ ಮಲಗ್ತಾರಲ್ಲ."

ಹೆಂಗೂ ಅಂತೆ! ಊದಿದ ಕಾಲು ಎದುರಿಗೇ ಇತ್ತು, ಇವನ ಕಣ್ಣಿಗೆ ಬೀಳಲಿಲ್ಲ.

"ಅಪ್ಪ ಅಲ್ಲ, ನೀನು ಮಲಗು. ಚಿಪ್ ಬರೋವರ್ಗೂ ದಿನಾ ನೀನೇ ಹತ್ತು."

ಲೋಹಿತನ ಮುಖ ಬಿಳಿಚಿಕೊಂಡಿತು. ಅಪ್ಪ ಮಧ್ಯೆ ಬಾಯಿ ಹಾಕಿದರು. "ಬ್ಯಾಡ ಕಣವ್ವ, ಅವ್ನಿಗೆ ಆನೆ ಅಂದ್ರೆ ಭಯ. ನಾನೇ ಹೋಯ್ತೀನಿ."

"ನಿಂಗೆ ಭಯ ಆಗಲ್ವೇನಪ್ಪ?" ಸಿಟ್ಟಿನಲ್ಲಿ ಅವರ ಮೇಲೂ ರೇಗಿದೆ.

ಅಪ್ಪ ಮೊಣಕಾಲು ನೀವಿಕೊಂಡರು.

"ಆಯ್ತದೆ ಕಣವ್ವ," ಎಂದರು. "ದಿನಾ ಆಯ್ತದೆ."

ಲೋಹಿತ್ ತಲೆ ಎತ್ತಲಿಲ್ಲ. ಅಪ್ಪನ ತೊಡೆಯ ಮೇಲಿದ್ದ ಟಾರ್ಚನ್ನು ತೆಗೆದುಕೊಂಡು, ತನ್ನ ಮಳಿಗೆಯ ಬಾಗಿಲು ಹಾಕಲು ಹೋದ.