ಮಾತಾಡದ ಕಾರು

ಹತ್ತಲಿಲ್ಲ — ಕಾರಿನ ದೋಷ ಓದುವ ಸ್ಕ್ಯಾನರಿನ ಮೂಲೆಯಲ್ಲಿ ಹತ್ತಬೇಕಾದ ಎಳ್ಳುಕಾಳಿನಷ್ಟು ಕೆಂಪು ದೀಪ ಮೂರನೇ ಸಲ ಚುಚ್ಚಿದರೂ ಹತ್ತಲಿಲ್ಲ, ಕರಿಸಿದ್ದಪ್ಪನಿಗೆ ಶೆಡ್ಡಿನ ಬಾಗಿಲಲ್ಲಿ ನಿಂತಲ್ಲಿಂದಲೇ ಕಾಣುತ್ತಿದೆ, ಪೊರೆ ಬಂದ ಕಣ್ಣಿಗೆ ಬೇರೇನೂ ಕಾಣದಿದ್ದರೂ ಕೆಡುಕು ಮಾತ್ರ ಚೆನ್ನಾಗಿ ಕಾಣುತ್ತದೆ ನೋಡು, ಸ್ಟೀರಿಂಗಿನ ಅಡಿಗೆ ತಲೆ ತೂರಿಸಿ ಮಲಗಿದ್ದಾಳೆ ಸೊಸೆ ಧನ್ಯಶ್ರೀ, ಹೊರಗೆ ಕಾಣುವುದು ಗ್ರೀಸು ಬಳಿದ ಚೂಡಿದಾರದ ಅಂಚು, ತಾಳ ಹಾಕುತ್ತಿರುವ ಹವಾಯಿ ಚಪ್ಪಲಿ. ಏನಮ್ಮಾ, ಬಂತಾ? ಇಲ್ಲ ಮಾವ, ಕಾರು ಮಾತೇ ಆಡ್ತಿಲ್ಲ. ಮಾತಾಡದಿದ್ದರೆ ಹೋಯ್ತು, ನಾಲ್ಕು ಗಂಟೆಗೆ ಕೊಬ್ಬರಿ ಮಂಡಿಯ ತೀರ್ಥಪ್ಪ ಬರುತ್ತಾನೆ, ಶೆಡ್ಡು ನಂಗೆ ಬಿಟ್ಕೊಡ್ತೀಯೋ ಇಲ್ವೋ ಇವತ್ತೊಂದು ಮಾತು ಹೇಳ್ಬಿಡು ಕಣಯ್ಯ, ಕೊಬ್ಬರಿ ಇಡಕ್ಕೆ ಜಾಗ ಇಲ್ದೆ ಒದ್ದಾಡ್ತಿದೀನಿ ಅಂದಿದ್ದಾನೆ, ಕಡೂರಿನಲ್ಲಿ ಕರಿಸಿದ್ದಪ್ಪ ಮೂವತ್ತೈದು ವರ್ಷ ನಡೆಸಿದ ಗ್ಯಾರೇಜು, ಈಗ ಕಣ್ಣು ಸಾಲದು, ಮಗ ಹಾಲೇಶನಿಗೆ ಸರ್ಕಾರಿ ಬಸ್ಸಿನ ಸ್ಟೀರಿಂಗು ಸಾಕು, ಸ್ಪ್ಯಾನರು ಮುಟ್ಟುವ ಜಾತಿಯಲ್ಲ ಅವನು, ಇನ್ನು ಹೆಣ್ಣುಮಗಳ ಕೈಗೆ ಕೊಟ್ಟರೆ ಗಿರಾಕಿ ಬರ್ತಾರೇನು ಅಂತ ಊರೆಲ್ಲ — ಊರೇನು, ಮೊದಲು ಅಂದದ್ದು ಕರಿಸಿದ್ದಪ್ಪನೇ. ಬೆಳಿಗ್ಗೆ ಮುಖ ತೊಳೆಯುವಾಗ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡ, ಈ ಕಾರು ಇವಳ ಕೈಯಲ್ಲಿ ಸರಿಹೋದರೆ ಬೀಗದ ಕೈ ಇವಳಿಗೆ, ಇಲ್ಲದಿದ್ದರೆ ತೀರ್ಥಪ್ಪನಿಗೆ. ಅವಳಿಗೆ ಇದನ್ನು ಹೇಳಿಲ್ಲ.

ಕಾರು ಅಜ್ಜಂಪುರದ ರುದ್ರಮೂರ್ತಿಯದು, ಅಲ್ಲೇ ಮರದ ಕೆಳಗೆ ವಾಚು ನೋಡಿಕೊಳ್ಳುತ್ತ ನಿಂತಿದ್ದಾನೆ, ಇಂಜಿನ್ ಲೈಟು ಹತ್ತಿಕೊಂಡಿದೆ, ಏರಿನಲ್ಲಿ ಎಳೆಯಲ್ಲ, ತರೀಕೆರೆಯಲ್ಲಿ ಯಾರೋ ನೋಡಿ ಇದರ ಕಂಪ್ಯೂಟರೇ ಹೋಗ್ಬಿಟ್ಟಿದೆ, ಹೊಸದೇ ಹಾಕ್ಬೇಕು ಅಂದರಂತೆ — ಹೋಗ್ಬಿಟ್ಟಿದೆ ಅನ್ನುವುದಕ್ಕೆ ಏನು ಕಷ್ಟ, ನಾಲಿಗೆಗೆ ಎಲುಬಿಲ್ಲ. ಇವಳು ಹಾಗಲ್ಲ. ಎದ್ದು ಬಂದು ಸ್ಕ್ಯಾನರನ್ನು ಪಕ್ಕದಲ್ಲಿದ್ದ ತಮ್ಮದೇ ಹಳೇ ವ್ಯಾನಿಗೆ ಚುಚ್ಚಿದಳು, ಟಿಣ್ ಅಂದಿತು, ದೀಪ ಹತ್ತಿತು, ಸ್ಕ್ಯಾನರು ಸರಿ ಇದೆ ಮಾವ, ತಪ್ಪು ಇದರದ್ದಲ್ಲ — ಎಷ್ಟು ಸಲೀಸು, ಅವನಾಗಿದ್ದರೆ ಸ್ಕ್ಯಾನರಿಗೆ ಎರಡು ಬಾರಿಸಿ ಬೈದಿರುತ್ತಿದ್ದ. ಅವನ ಕಾಲದಲ್ಲಿ ಇಂಜಿನ್ ಮೇಲೆ ಸ್ಕ್ರೂಡ್ರೈವರ್ ಊರಿ ಹಿಡಿಗೆ ಕಿವಿ ಕೊಟ್ಟರೆ ಯಾವ ಬೇರಿಂಗು ಅಳುತ್ತಿದೆ ಅಂತ ತಿಳಿಯುತ್ತಿತ್ತು, ಕಿವಿಗೆ ಕೇಳದ್ದನ್ನು ಹುಡುಕುವುದು ಅವನಿಗೆ ಬಾರದು, ಇವಳಿಗೆ ಬರುತ್ತದೆ, ಚಿಕ್ಕಮಗಳೂರಿಗೆ ಹೋಗಿ ಆರು ತಿಂಗಳು ಕಲಿತು ಬಂದಳು, ಬಸ್ಸಿನಲ್ಲಿ ಓಡಾಡಿ, ರಾಗಿ ಮುದ್ದೆ ಕಟ್ಟಿಟ್ಟು ಹೋಗಿ. ಅವಳು ಶೆಡ್ಡಿಗೆ ಬಂದ ಮೊದಲ ದಿನ ವೈರು ಕಟ್ಟುವ ತನ್ನ ಗಂಟು ತೋರಿಸಿದ್ದ, ಎರಡು ಸುತ್ತು, ಒಂದು ಕುಣಿಕೆ, ಬಾಲ ಒಳಕ್ಕೆ, ಜಿಲ್ಲೆಯಲ್ಲಿ ಯಾರಿಗೂ ಬಾರದ ಗಂಟು ಕಣಮ್ಮ ಇದು ಅಂತ ಜಂಬ ಕೊಚ್ಚಿಕೊಂಡು, ಅವಳು ಒಂದೇ ಸಲಕ್ಕೆ ಹಾಕಿ ತೋರಿಸಿ ನಕ್ಕಳು. ಹೊಟ್ಟೆ ಉರಿಯಿತು ಅವತ್ತು. ಇವತ್ತು ಉರಿಯುತ್ತಿಲ್ಲ.

ಟಾರ್ಚು ಬಿಟ್ಟು ಸ್ಕ್ಯಾನರು ಚುಚ್ಚುವ ಆ ಪೋರ್ಟಿನ ಹದಿನಾರು ತೂತನ್ನೂ ಒಂದೊಂದಾಗಿ ನೋಡುತ್ತಿದ್ದಾಳೆ, ಕಡ್ಡಿ ಬಗ್ಗಿಲ್ಲ, ಕಿಲುಬಿಲ್ಲ, ಕರೆಂಟು ಅಳೆಯುವ ಮೀಟರಿನ ಒಂದು ಮುಳ್ಳು ಕೊನೇ ತೂತಿಗೆ, ಇನ್ನೊಂದು ಕಾರಿನ ಮೈಗೆ — ಸೊನ್ನೆ. ಕರೆಂಟೇ ಬರ್ತಿಲ್ಲ ಮಾವ, ಅನ್ನ ಇಲ್ದೆ ಸ್ಕ್ಯಾನರು ಹೆಂಗೆ ಮಾತಾಡತ್ತೆ? ಫ್ಯೂಸ್ ಡಬ್ಬಿ ತೆಗೆದಳು, ಮುಚ್ಚಳದ ಹಿಂದಿನ ಚಿತ್ರವನ್ನು ಬೆರಳಿಟ್ಟು ಓದಿದಳು, ಸುಟ್ಟಿದ್ದನ್ನು ಕಿತ್ತು ಹೊಸದನ್ನು ಒತ್ತಿದಳು, ಟಪ್ — ಅದೂ ಹೋಯ್ತು. ಏನಮ್ಮಾ, ಆಗಲ್ಲಾಂದ್ರೆ ಹೇಳ್ಬಿಡು, ಶಿವಮೊಗ್ಗಕ್ಕೆ ತಗೊಂಡೋಗ್ತೀನಿ, ಮರದ ಕೆಳಗಿನಿಂದ ರುದ್ರಮೂರ್ತಿ, ಆಗತ್ತೆ ಸಾರ್ ಹತ್ತು ನಿಮಿಷ ಇರಿ, ದನಿ ಸ್ವಲ್ಪವೂ ಏರಲಿಲ್ಲ, ಭೇಷ್, ಭೇಷ್ ನನ್ನ ಸೊಸೆ, ಎಲ್ಲೋ ತಾಗಿ ಶಾರ್ಟ್ ಆಗ್ತಾ ಇದೆ ಮಾವ, ಈ ಫ್ಯೂಸಿಂದಾನೇ ಹಿಂದಿನ ಸೀಟಿನ ಚಾರ್ಜರ್ ಸಾಕೆಟ್ಟಿಗೂ ಕರೆಂಟು ಹೋಗತ್ತೆ — ಹಿಂದಿನ ಸೀಟಿನ ಸಾಕೆಟ್ಟು. ಕರಿಸಿದ್ದಪ್ಪನ ಕೈ ಬಾಗಿಲ ಚೌಕಟ್ಟು ಹಿಡಿಯಿತು. ಹಿಂದಿನ ಸೀಟು, ಮುಚ್ಚಳವಿರುವ ಆ ತೂತು, ರುದ್ರಮೂರ್ತಿಯ ತಾಯಿ ವಿಶಾಲಾಕ್ಷಮ್ಮ ಸೆರಗಿನಿಂದ ಬಿಚ್ಚಿ ಕೊಟ್ಟದ್ದು — ಹೋದ ತಿಂಗಳು ಬ್ರೇಕು ನೋಡಿಸಲು ಬಂದಾಗ ರುದ್ರಮೂರ್ತಿ ಟೀ ಕುಡಿಯಲು ಹೋಗಿದ್ದ, ಅವನ ತಾಯಿ ಮೆಲ್ಲಗೆ, ಅಂತರಘಟ್ಟಮ್ಮನ ಗುಡೀಲಿ ಪೂಜೆಗೆ ಇಡಿಸಿಕೊಂಡು ಬಂದ ರಕ್ಷೆ ತಗಡು ಕಣೋ ಕರಿಸಿದ್ದಪ್ಪ, ನನ್ನ ಮಗ ನೋಡಿದ್ರೆ ನಗ್ತಾನೆ, ಅವನ ಕಣ್ಣಿಗೆ ಬೀಳ್ದಂಗೆ ಎಲ್ಲಾದ್ರೂ ಇಟ್ಬಿಡಪ್ಪ. ಸುರುಳಿ ಸುತ್ತಿದ ತಾಮ್ರದ ತಗಡು, ಅರಿಶಿನದ ಬಟ್ಟೆ, ಮೇಲೆ ಕೆಂಪು ದಾರ, ಆ ತೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು, ಬಟ್ಟೆ ಸುತ್ತಿದೆಯಲ್ಲ ಏನಾಗತ್ತೆ ಅಂದುಕೊಂಡ, ಅಂದುಕೊಂಡನಲ್ಲ ಈ ಮೂವತ್ತೈದು ವರ್ಷದ ಮೇಸ್ತ್ರಿ! ಅಜ್ಜಂಪುರದ ರಸ್ತೆಯ ಕುಲುಕಾಟಕ್ಕೆ ಬಟ್ಟೆ ಸವೆಯದೆ ಇರುತ್ತದೆಯೇ, ಎಮ್ಮೆಗೂ ತಿಳಿಯುವ ಮಾತು, ದಾರ ಸಡಿಲವಿದೆ ಅಂತ ಬೇರೆ ಬಿಗಿದು ಕಟ್ಟಿಕೊಟ್ಟಿದ್ದ, ಎರಡು ಸುತ್ತು, ಒಂದು ಕುಣಿಕೆ, ಬಾಲ ಒಳಕ್ಕೆ.

ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು, ಅಷ್ಟರಲ್ಲಾಗಲೇ ಅವಳು ಬ್ಯಾಟರಿಯ ಒಂದು ವೈರು ಬಿಚ್ಚಿಟ್ಟು ಹಿಂದಿನ ಬಾಗಿಲು ತೆಗೆದು ಮಂಡಿಯೂರಿದ್ದಾಳೆ, ಮುಚ್ಚಳ ಎತ್ತಿದಳು, ಟಾರ್ಚು, ಚಿಮಟ, ಅವಸರವಿಲ್ಲ, ಮುಳ್ಳು ತೆಗೆಯುವವಳ ಹಾಗೆ — ಬಂತು. ಒಂದು ಕಡೆ ಬಟ್ಟೆ ಹರಿದು ತಾಮ್ರ ಸುಟ್ಟು ಕಪ್ಪಾಗಿದೆ, ಕೆಂಪು ದಾರ ಮಾತ್ರ ಹಾಗೇ ಇದೆ. ಅವಳು ತಗಡು ನೋಡಲಿಲ್ಲ, ಗಂಟು ನೋಡಿದಳು. ಆಮೇಲೆ ತಲೆ ಎತ್ತಿ ಮಾವನನ್ನು. ಜಿಲ್ಲೆಯಲ್ಲಿ ಯಾರಿಗೂ ಬಾರದ ಗಂಟು. ಏನಮ್ಮ ಅದು, ಏನು ಸಿಕ್ತು, ರುದ್ರಮೂರ್ತಿ ಹತ್ತಿರ ಬರುತ್ತಿದ್ದಾನೆ, ಇನ್ನು ಮಾನ ಹೋಯ್ತು, ಹೋಗಲಿ, ಹೋಗಬೇಕಾದ್ದೇ, ಅವಳ ಬೆರಳು ಒಂದೊಂದಾಗಿ ಮುಚ್ಚಿಕೊಂಡವು, ತಾಮ್ರದ ಚೂರು ಸಾರ್, ಸಾಕೆಟ್ಟೊಳಗೆ ಸೇರ್ಕೊಂಡು ತಾಗ್ತಿತ್ತು, ತಪ್ಪು ಕಂಪ್ಯೂಟರ್ದಲ್ಲ. ಎಡಗೈ ಮುಷ್ಟಿಯಾಗಿಯೇ ಇದೆ, ಬಲಗೈಯಲ್ಲಿ ಬ್ಯಾಟರಿ ವೈರು, ಹೊಸ ಫ್ಯೂಸು, ಪೋರ್ಟಿಗೆ ಸ್ಕ್ಯಾನರು — ಟಿಣ್, ಎಳ್ಳುಕಾಳಿನಷ್ಟು ದೀಪ ಹತ್ತಿತು, ಪರದೆಯ ಮೇಲೆ ಸಾಲು ಸಾಲು ಅಕ್ಷರ, ಗಾಳಿ ಅಳೆಯೋ ಸೆನ್ಸರ್ ಕೊಳೆಯಾಗಿದೆ ಸಾರ್, ಅದಕ್ಕೇ ಏರಲ್ಲಿ ಎಳೀತಿಲ್ಲ, ತೊಳ್ದು ಹಾಕಿದ್ರೆ ಸಾಕು. ಅಷ್ಟೇನಾ? ಅಷ್ಟೇ ಸಾರ್.

ಹೊರಗೆ ತೀರ್ಥಪ್ಪನ ಬೈಕು ನಿಂತಿತು, ಏನಯ್ಯ ಕರಿಸಿದ್ದಪ್ಪ, ಯೋಚ್ನೆ ಮಾಡಿದ್ಯಾ, ಮಾಡಿದೆ ಕಣಪ್ಪ, ಶೆಡ್ಡು ಕೊಡಲ್ಲ, ಇದು ನನ್ನ ಸೊಸೆ ಗ್ಯಾರೇಜು — ಬಾಯಿಂದ ಬಂದುಬಿಟ್ಟಿತು, ಅವಳಿಗೆ ಕೇಳಿಸಿತೋ ಇಲ್ಲವೋ, ಕೇಳಿಸಿದರೂ ತಿರುಗಲಿಲ್ಲ, ಬಾನೆಟ್ಟಿಗೆ ಬಗ್ಗಿ ಸೆನ್ಸರಿನ ಸ್ಕ್ರೂ ಬಿಚ್ಚುತ್ತಿದ್ದಾಳೆ, ಒಂದೇ ಕೈಯಲ್ಲಿ, ಸಂಜೆ ತಾನೇ ಅಜ್ಜಂಪುರಕ್ಕೆ ಹೋಗಿ ತಾಯಿಗೂ ಮಗನಿಗೂ ತಪ್ಪಾಯ್ತು ಅಂತ ಹೇಳಿ ಬರಬೇಕು, ಬೀಗದ ಕೈ ಜೇಬಿನಲ್ಲೇ ಇದೆ, ಈಗಲೇ ಕೊಡಬೇಕು, ಆದರೆ ಎಲ್ಲಿಡುವುದು, ಆ ಎಡಗೈ ಇನ್ನೂ ಬಿಚ್ಚಿಲ್ಲವಲ್ಲ, ಗ್ರೀಸಿನ ಮುಷ್ಟಿ, ಬೆರಳ ಸಂದಿಯಲ್ಲಿ ಚೂರೇ ಚೂರು ಕೆಂಪು ದಾರ.