ತಂಬಾಕಿನ ಕೈ

ಹುಳ ಮತ್ತೆ ಆಡುತ್ತಿದ್ದವು. ಮಲಕವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಗ್ಗಿ ನೋಡಿದಳು. ನಾಯಿಯ ಕಿವಿಯ ಹಿಂದೆ, ಅಂಗೈ ಅಗಲದ ಹುಣ್ಣಿನಲ್ಲಿ, ಅನ್ನದ ಅಗುಳಿನಂಥವು ಒಂದರ ಮೈಮೇಲೆ ಒಂದು ಹೊರಳುತ್ತಿದ್ದವು. ಬೆಳಿಗ್ಗೆ ತಿಂದ ರೊಟ್ಟಿ ಗಂಟಲಿಗೆ ಬಂತು.

“ಥೂ ನಿನ್ನ! ಕೊಳ್ಯಾಕ ನನ್ನ ಮನೀನ ಬೇಕಾಗಿತ್ತೇನ ನಿನಗ?”

ನಾಯಿ ಬಾಲ ಅಲ್ಲಾಡಿಸಿತು. ಅದೂ ಅವಳಿಗೆ ಹೇಸಿಗೆಯೇ ಅನಿಸಿತು. ಬೈಸಿಕೊಂಡೂ ಬಾಲ ಆಡಿಸುತ್ತದಲ್ಲ, ಇದೆಂಥಾ ಜೀವ!

ತಂದವಳು ಮಗಳು ಕೋಮಲ. ನಿಪ್ಪಾಣಿಯ ಔಷಧ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಬಿಡುವಾದಾಗ ಹೈವೇಯಲ್ಲಿ ಗಾಡಿ ಬಡಿದು ಬಿದ್ದ ನಾಯಿಗಳನ್ನು ಎತ್ತಿ ತರುವ ಗುಂಪಿನ ಜೊತೆ ಓಡಾಟ. ಆ ಗುಂಪಿನಲ್ಲಿ ಎತ್ತುವವರು ಬೇಕಾದಷ್ಟು ಜನ, ಮಾಯುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುವವರು ಮಾತ್ರ ಯಾರೂ ಇಲ್ಲ. “ನಮ್ಮ ಮನ್ಯಾಗ ಇರ್ಲಿ ತಗೊಳ್ರಿ, ಹದಿನೈದ ದಿನದ ಮಾತ” ಎಂದು ಕೋಮಲ ಫೋನಿನಲ್ಲೇ ಒಪ್ಪಿಕೊಂಡುಬಿಟ್ಟಿದ್ದಳು. ಅವ್ವನನ್ನು ಕೇಳಿದ್ದು, ನಾಯಿಯನ್ನು ಅಂಗಳದ ತಗಡಿನ ಕೆಳಗೆ ಮಲಗಿಸಿದ ಮೇಲೆ.

ಇಂದಿಗೆ ಐದನೆಯ ದಿನ. ಕೋಮಲ ಬೆಳಿಗ್ಗೆ ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ದೂರದಿಂದಲೇ ಔಷಧ ಸಿಂಪಡಿಸಿ, “ಪಾಪ, ನನ ಬಂಗಾರಾ” ಎಂದು ಹೇಳಿ ಕೆಲಸಕ್ಕೆ ಹೋಗುತ್ತಿದ್ದಳು. ಇಡೀ ದಿನ ಅದರಿಂದ ನಾಲ್ಕು ಮಾರು ದೂರದಲ್ಲಿ ಕೂತು ಬೀಡಿ ಕಟ್ಟುವವಳು ಮಲಕವ್ವ. ಎಲೆ ಕತ್ತರಿಸಿದರೆ ಅದೇ ನಾತ, ನೀರು ಕುಡಿದರೂ ಅದೇ ನಾತ.

ಬೈದು ಬಂದು ಮತ್ತೆ ಮೊರ ತೊಡೆಯ ಮೇಲಿಟ್ಟುಕೊಂಡಳು. ಹುಣ್ಣಿನಿಂದ ಒಂದು ನೊಣ ಎದ್ದಿತು. ಹಾರಿ ಬಂದು ಮೊರದ ಅಂಚಿಗೆ ಕೂತಿತು. ಅಲ್ಲಿಂದ ಅವಳ ತುಟಿಗೆ.

ಮಲಕವ್ವ ತುಟಿ ಸುಲಿಯುವ ಹಾಗೆ ಒರೆಸಿಕೊಂಡಳು. ಮೊರದೊಳಗಿನ ತಂಬಾಕಿನ ಪುಡಿಯನ್ನು ಹಿಡಿತುಂಬ ಬಾಚಿಕೊಂಡು ಎದ್ದು ಹೋಗಿ ಹುಣ್ಣಿಗೆ ಒತ್ತಿದಳು. ಸಾಲದೆಂದು ಇನ್ನೊಂದು ಹಿಡಿ. “ಮುಗದ ಹೋಗ್ಲಿ ಒಮ್ಮೆ.” ಏನು ಮುಗಿಯಬೇಕು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ.

ಹುಳಗಳು ಉದುರಿದವು. ಅವಳಿಗೆ ಸಮಾಧಾನವಾಯಿತು. ಆ ಸಮಾಧಾನ ಎರಡು ಬೀಡಿ ಕಟ್ಟುವಷ್ಟು ಹೊತ್ತೂ ಉಳಿಯಲಿಲ್ಲ. ನಾಯಿಯ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯತೊಡಗಿತು. ಎದ್ದು ನಿಲ್ಲಲು ನೋಡಿತು, ಕಾಲು ಥರಥರ ನಡುಗಿ ತಾನೇ ವಾಂತಿ ಮಾಡಿದ್ದರಲ್ಲಿ ಕುಸಿದು ಬಿತ್ತು.

ಮಲಕವ್ವ, ಗುಂಪಿನ ಗಾಡಿ ಓಡಿಸುವ ಶಾಹನವಾಜನಿಗೆ ಫೋನು ಹಚ್ಚಿ, ಹುಣ್ಣಿಗೆ ಹಾಕಿದ್ದು ಹೆಚ್ಚಾಗಿ ನಾಯಿ ಬಿದ್ದಿದೆ ಎಂದಳು.

“ಏನ್ ಹಾಕೀರಿ ಮಾವಶಿ?”

“ತಂಬಾಕ.”

“ಎಷ್ಟ?”

ಅವಳು ತನ್ನ ಅಂಗೈ ನೋಡಿಕೊಂಡಳು. “ಎರಡ ಹಿಡಿ.”

“ಯಾ ಅಲ್ಲಾ! ವಿಷಾ ಅದು, ರಕ್ತಕ್ಕ ಇಳಿತೈತ್ರಿ. ಡಾಕ್ಟರನ್ನ ಕರ್ಕೊಂಡ ಬರಾಕ ಅರ್ಧಾ ತಾಸ ಬೇಕ. ಅಲ್ಲೀತನಾ ನೀರ ಹಾಕಿ ಎಲ್ಲಾ ತಗೀರಿ, ಒಂದ ಚೂರೂ ಉಳೀಬಾರ್ದ.”

“ಕೈಲೆ?”

“ಮತ್ತೇನ ಕಾಲ್ಲೆ ತಗೀತೀರೇನ್ರಿ?”

ಬೆರಳು ಒಳಗಿಟ್ಟಳು. ಬೆಚ್ಚಗಿತ್ತು, ಅದನ್ನೇ ತಾಳಲಾಗಲಿಲ್ಲ. ಕೀವು ಕುಡಿದು ಉಬ್ಬಿದ ಪುಡಿ, ಅದರಲ್ಲಿ ಅರೆಜೀವದ ಹುಳ ಉಗುರಿನ ಸಂದಿಗೆ ಸೇರಿದವು. ನೀರು ಸುರಿದಳು, ಬಾಚಿದಳು, ಪಕ್ಕಕ್ಕೆ ತಿರುಗಿ ವಾಂತಿ ಮಾಡಿದಳು, ತೋಳಿಗೆ ಬಾಯಿ ಒರೆಸಿಕೊಂಡು ಮತ್ತೆ ಬಾಚಿದಳು. ನಾಯಿ ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು.

ಡಾಕ್ಟರು ಬಂದು ಸೂಜಿ ಚುಚ್ಚಿ ಸಲಾಯಿನ್ ಏರಿಸಿದರು. “ಸಂಜೀ ಒಳಗ ತಾನಾಗೇ ನೀರ ಕುಡದ್ರ ಉಳೀತೈತಿ” ಎಂದು ಹೇಳಿ ಹೋದರು. ಶಾಹನವಾಜ ಅಲ್ಲೇ ಕೂತ.

ಸಂಜೆ ಕೋಮಲ ಓಡುತ್ತ ಬಂದಳು. ಶಾಹನವಾಜ ಅವಳಿಗೆ ಅರ್ಧವನ್ನಷ್ಟೇ ಹೇಳಿದ. “ಭಾಳ ಸೀರಿಯಸ್ ಆಗಿತ್ತ. ಮಾವಶಿ ಬರೇ ಕೈಲೆ ತೊಳದಾರ, ಇಲ್ಲಂದ್ರ ಹೋಗಿಬಿಡ್ತಿತ್ತ.”

ಕೋಮಲ ವಿಡಿಯೋ ಮಾಡಲು ಫೋನು ಎತ್ತಿ ಹಿಡಿದೇಬಿಟ್ಟಳು. “ನಮ್ಮವ್ವನ್ನ ನೋಡ್ರಿ! ನಾಯಿ ಅಂದ್ರ ಥೂ ಅನ್ನಾಕಿ, ಇವತ್ತ ಕೈಲೆ ಹುಳಾ ತಗದಾಳ. ಅವ್ವಾ, ಕೈ ತೋರ್ಸ.”

ನಾಲ್ಕು ಸಲ ಸೋಪು ಹಚ್ಚಿ ತೊಳೆದ ಕೈ. ನೊಣ ಕೂತ ತುಟಿಯನ್ನು ಒರೆಸಿಕೊಂಡದ್ದಕ್ಕಿಂತ ಜೋರಾಗಿ ಮಲಕವ್ವ ಅದನ್ನು ಸೆರಗಿಗೆ ತಿಕ್ಕಿದಳು.

“ಬಂದ್ ಮಾಡ ಅದನ್ನ.”

“ನಾಚಬ್ಯಾಡ ಬೇ.”

“ನಾನ ಹಾಕಿದ್ದೆ. ತಂಬಾಕ. ಎರಡ ಹಿಡಿ.”

“ಹುಳಾ ಸಾಯ್ಲಿ ಅಂತ ಹಾಕ್ಯಾರ,” ಶಾಹನವಾಜ ಅವಸರದಿಂದ ಅಂದ. “ಅವರಿಗೇನ ಗೊತ್ತಿತ್ತ...”

“ಗೊತ್ತಿತ್ತ,” ಎಂದಳು ಮಲಕವ್ವ. “ಎತ್ತಿನ ಹುಣ್ಣಿಗೆ ನಮ್ಮಪ್ಪ ಚಿಟಿಕಿ ಹಾಕತಿದ್ದ. ಹೆಚ್ಚಾದ್ರ ಎತ್ತ ಸಾಯ್ತೈತಿ ಅಂತಿದ್ದ.”

ಕೋಮಲಳ ಕೈಯೊಳಗಿನ ಫೋನು ತಾನಾಗಿ ಕೆಳಗಿಳಿಯಿತು. ಅವಳು ಒಳಗೆ ಹೋಗಿ ಒಂದು ಪರಾತದಲ್ಲಿ ನೀರು ತಂದು ನಾಯಿಯ ಬಾಯಿಯ ಹತ್ತಿರ ಇಟ್ಟಳು. ನಾಯಿ ತಲೆ ಎತ್ತಿತು, ಮೂಸಿತು. ಕೋಮಲಳ ಹಿಂದೆ ನಿಂತಿದ್ದ ಮಲಕವ್ವನನ್ನು ಕಂಡು ತಲೆಯನ್ನು ಗೋಡೆಗೆ ಒತ್ತಿಕೊಂಡು ನಡುಗತೊಡಗಿತು.

“ಅವ್ವಾ, ಆಚೆ ಸರಿ ಸ್ವಲ್ಪ.”

ಮಲಕವ್ವ ಎರಡು ಹೆಜ್ಜೆ ಸರಿದಳು. ನಾಯಿ ಕುಡಿಯಲಿಲ್ಲ. ಅಂಗಳದ ಬಾಗಿಲ ತನಕ ಹೋದಳು.

“ಇನ್ನೂ,” ಎಂದಳು ಕೋಮಲ, ತಿರುಗಿ ನೋಡದೆ.

ಮಲಕವ್ವ ಓಣಿಗೆ ಇಳಿದಳು. ಎದುರಿನ ಕಟ್ಟೆಯ ಮೇಲೆ ಎಲೆ ಕತ್ತರಿಸುತ್ತ ಕೂತಿದ್ದ ಸುಗಂಧಾ ನಕ್ಕಳು. “ಯಾಕ ಮಲಕವ್ವಾ, ನಾಯಿ ಒಳಗ ಇಟ್ಟ ನಿನ್ನ ಹೊರಗ ಹಾಕ್ಯಾರೇನ?”

ಮಲಕವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ನಾಯಿಗೆ ಕಾಣದ ಹಾಗೆ ಗೋಡೆಯ ಮಗ್ಗುಲಿಗೆ ನಿಂತಳು. ಬೈಕೊಂದು ಸದ್ದು ಮಾಡುತ್ತ ಹಾದುಹೋಯಿತು. ಅದರ ಹಿಂದೆಯೇ ಅಂಗಳದಿಂದ ನಾಲಿಗೆ ನೀರು ಮುಟ್ಟಿದ ಸದ್ದು ಕೇಳಿತು. ಒಂದು ಸಲ. ತಡೆದು, ಮತ್ತೊಂದು ಸಲ. ಆಮೇಲೆ ಬಿಡದೆ ಕೇಳತೊಡಗಿತು. ಅದು ನಿಂತ ಮೇಲೂ ಮಲಕವ್ವ ಅಲ್ಲಿಂದ ಕದಲಲಿಲ್ಲ.